ಕಾಳಮ್ಮ ಗುಡಿಸಿ ಚೆಲ್ಲಿದ ಗಸಗಸೆ

ಬಹಳ ಬಹಳ ಹಿಂದೆ, ಹುಡುಕಿದರೂ ಕಲ್ಲು ಸಿಗದ ಒಂದು ರಾಜ್ಯದಲ್ಲಿ, ಬುಡದಿಂದ ಮಾಡಿನವರೆಗೆ ಬರೀ ಮರದಲ್ಲೇ ಕಟ್ಟಿದ ಅರಮನೆಯಿತ್ತು. ಕಟ್ಟಿದವನು ಬಡಗಿ ವೀರಾಚಾರಿ. ದಿನವೂ ಅದನ್ನು ಗುಡಿಸುತ್ತಿದ್ದವಳು ಅವನ ಹೆಂಡತಿ ಕಾಳಮ್ಮ.

ಒಂದು ಬೆಳಗ್ಗೆ ಬೂದಿಗಣ್ಣನೆಂಬ ಮಾಂತ್ರಿಕ ಒಡ್ಡೋಲಗಕ್ಕೆ ಬಂದು ತನ್ನ ಮರದ ಕೋಲು ಕುಟ್ಟಿದ.

"ದೊರೆಯೇ, ತಿಂಗಳ ಹಿಂದೆ ನಿನ್ನ ಅರಮನೆಗೆ ಮೂವರು ಗೆದ್ದಲು ರಾಣಿಯರನ್ನು ಬಿಟ್ಟಿದ್ದೇನೆ. ಯಾವ ಗೆದ್ದಲೆಂದು ಗುರುತು ಹಿಡಿದು ಹೇಳಿದರೆ ರಾಣಿ ಹೊರಗೆ ಬರುತ್ತಾಳೆ. ತಪ್ಪಿ ಹೇಳಿದರೆ ಒಂದು ಹುಳ ನೂರಾಗುತ್ತದೆ. ರಾಜ್ಯ ಕೊಡು, ಇಲ್ಲವೇ ಮೂರನೆಯ ಸಂಜೆ ಅರಮನೆ ಬೀಳುತ್ತದೆ."

ಮಾಂತ್ರಿಕನ ಮೇಲೆ ಕೈಯೆತ್ತುವ ಎದೆ ದೊರೆಗಿರಲಿಲ್ಲ. ಸಿಟ್ಟೆಲ್ಲ ಬಡಗಿಯ ಮೇಲೆ ತಿರುಗಿತು. "ಹುಳ ಹಿಡಿಯುವ ಮರ ಹಾಕಿದವನು ನೀನು. ನಡುತೊಲೆಯ ಕೆಳಗೆ ಕೂತಿರು. ಬಿದ್ದರೆ ಮೊದಲು ನಿನ್ನ ಮೇಲೆ ಬೀಳಲಿ" ಎಂದು ಅವನನ್ನು ಅಲ್ಲೇ ಕಟ್ಟಿಹಾಕಿಸಿದ.

ಕಾಳಮ್ಮನಿಗೆ ಅಳು ಬಂತು. ಅಳುತ್ತ ಕೂತರೆ ಗಂಡ ಉಳಿಯುವುದಿಲ್ಲವೆಂದು ಸೆರಗು ಸಿಕ್ಕಿಸಿ ಎದ್ದಳು.

ಮೊದಲ ದಿನ ಹಜಾರದ ಕಂಬ ನೋಡಿದಳು. ನೆಲದಿಂದ ಮೇಲಕ್ಕೆ ಬೆರಳಗಲದ ಮಣ್ಣಿನ ಸಾಲು ಹತ್ತಿತ್ತು. ಹುತ್ತ ಮೂಡಿದೆಯೆಂದು ಅರಮನೆಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹಾಲೆರೆಯುತ್ತಿದ್ದರು. ಕಾಳಮ್ಮ ಪೊರಕೆಯ ಹಿಡಿ ಎತ್ತಿದಾಗ ಪುರೋಹಿತರು ಅಡ್ಡ ಬಂದರು.

"ಪಾಪ ಕಟ್ಕೋಬೇಡ ಕಣಮ್ಮ."

"ಹುತ್ತ ಹಿತ್ತಲಲ್ಲಿದ್ರೆ ನಾನೂ ಹಾಲೆರೀತೀನಿ ಸ್ವಾಮಿ. ಕಂಬಕ್ಕೆ ಹತ್ತಿರೋದು ಅನ್ನ ಹುಡುಕ್ಕೊಂಡು ಬಂದಿರೋ ಹುಳ."

ಸಾಲು ಒಡೆದಳು. ಒಳಗೆ ಬಿಳಿ ಹುಳುಗಳು ನೆಲಕ್ಕೂ ಕಂಬಕ್ಕೂ ಓಡಾಡುತ್ತಿದ್ದವು. "ನೀನು ಮಣ್ಣಿನ ಗೆದ್ದಲು" ಎಂದಳು. ಕಂಬದ ಬುಡದಿಂದ ಹೆಬ್ಬೆರಳು ಗಾತ್ರದ ರಾಣಿ ಹೊರಬಂದಳು.

ಎರಡನೆಯ ದಿನ ಬಚ್ಚಲಿನ ಹೊಸ್ತಿಲು ಕುಸಿಯಿತು. ಅಲ್ಲಿ ಮಣ್ಣಿನ ಸಾಲಿರಲಿಲ್ಲ. ಹಂಡೆ ಸೋರಿ ಸೋರಿ ಮರ ನೆನೆದಿತ್ತು, ಉಗುರಿಟ್ಟರೆ ಒಳಕ್ಕೆ ಹೋಗುತ್ತಿತ್ತು. "ನೀನು ಒದ್ದೆಮರದ ಗೆದ್ದಲು" ಎಂದಳು. ಎರಡನೆಯ ರಾಣಿಯೂ ತೆವಳಿಕೊಂಡು ಬಂದಳು.

ಮೂರನೆಯ ದಿನ ಮಣ್ಣೂ ಇಲ್ಲ, ತೇವವೂ ಇಲ್ಲ. ಮೂಲೆಮೂಲೆ ತಟ್ಟಿ ಸುಸ್ತಾದ ಕಾಳಮ್ಮ ಹೊತ್ತು ಇಳಿಯುವಾಗ ಗಂಡನ ಪಕ್ಕ ಬಂದು ಕುಸಿದಳು. ಬೂದಿಗಣ್ಣ ಕೋಲೂರಿಕೊಂಡು ನಗುತ್ತ ನಿಂತಿದ್ದ.

"ಹೊರಗೆ ಹೋಗು ಕಾಳಿ. ಇಬ್ರೂ ಸಾಯೋದು ಬೇಡ" ಎಂದ ವೀರಾಚಾರಿ.

"ಸುಮ್ನಿರಿ ಅಂದ್ರೆ" ಎಂದು ಅವನ ಹೆಗಲು ನೋಡಿದಳು. ಗಸಗಸೆಯಂಥ ಕಾಳು ಉದುರಿದ್ದವು. ಅಭ್ಯಾಸಬಲದಿಂದ ಒರೆಸಹೋದ ಕೈ ಅರ್ಧದಲ್ಲೇ ನಿಂತಿತು. ತಿಂಗಳಿಂದ ಇದೇ ಜಾಗದಲ್ಲಿ ಇದನ್ನೇ ಗುಡಿಸಿದ್ದಳು. ಪಾಯಸದ ಗಸಗಸೆ ಚೆಲ್ಲಿದನೆಂದು ಅಡುಗೆಯವನನ್ನು ದಿನಾ ಬೈದಿದ್ದಳು.

ಕಾಳನ್ನು ಬೆರಳಲ್ಲಿ ಉಜ್ಜಿದಳು. ಗಟ್ಟಿಯಾಗಿತ್ತು, ಗಸಗಸೆಯ ಹಾಗೆ ಗುಂಡಗಿರಲಿಲ್ಲ, ಮೈಯೆಲ್ಲ ಅಂಚು. ಕತ್ತೆತ್ತಿದರೆ ತೊಲೆಯಲ್ಲಿ ಸೂಜಿಮೊನೆಯಷ್ಟು ತೂತು. ಉದ್ದ ಬಿದಿರಿನಿಂದ ತಟ್ಟಿದಳು. ತೊಲೆ ಒಳಗೆಲ್ಲ ಪೊಳ್ಳು.

"ಅಯ್ಯೋ, ಗುರುತನ್ನೆಲ್ಲ ನಾನೇ ಗುಡಿಸಿ ಚೆಲ್ತಿದ್ದೆನಲ್ಲ" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ದನಿಯೇರಿಸಿ, "ನಿನಗೆ ಮಣ್ಣು ಬೇಡ, ನೀರು ಬೇಡ. ತಿಂದು ಹಿಕ್ಕೆ ಕೆಳಗೆ ಕೆಡವ್ತೀಯ. ನೀನು ಒಣಮರದ ಗೆದ್ದಲು" ಎಂದಳು.

ಮೂರನೆಯ ರಾಣಿ ತೊಲೆಯಿಂದ ಪಟ್ಟನೆ ಬಿದ್ದಳು. ಮೊದಲಿನ ಇಬ್ಬರೂ ತೆವಳಿಕೊಂಡು ಅಲ್ಲಿಗೇ ಬಂದರು. ಮೂವರಿಗೂ ವಿಪರೀತ ಹಸಿವು. ಹತ್ತಿರ ಕಂಡದ್ದು ಬೂದಿಗಣ್ಣನ ಕೋಲು. ಮೂವರೂ ಸೇರಿ ಅದನ್ನು ಹಿಡಿಯವರೆಗೆ ತಿಂದು ಮುಗಿಸಿದರು. ಅವನ ಜೀವವಿದ್ದದ್ದೇ ಆ ಕೋಲಿನಲ್ಲಿ; ಕೋಲಿನ ಜೊತೆ ಮಾಂತ್ರಿಕನೂ ಹೊಟ್ಟಾಗಿ ನೆಲಕ್ಕುದುರಿದ. ಕಾಳಮ್ಮ ಪೊರಕೆ ತಂದಳು.

ದೊರೆ ತಾನೇ ಬಗ್ಗಿ ವೀರಾಚಾರಿಯ ಕಟ್ಟು ಬಿಚ್ಚಿದ, ತಪ್ಪಾಯಿತೆಂದ. ರಾಣಿಯರು ತಮ್ಮ ಹುಳುಗಳನ್ನು ಕರೆದುಕೊಂಡು ಕಾಡಿಗೆ ಹೋದರು. ಹೊಸ ತೊಲೆ ಏರಿತು, ಹಂಡೆಯ ಸೋರು ನಿಂತಿತು, ರಾಜ್ಯದವರೆಲ್ಲ ನಿಶ್ಚಿಂತೆಯಿಂದ ಬಾಳಿದರು. ಕಾಳಮ್ಮ ಅಡುಗೆಯವನ ಮುಂದೆ ನಿಂತು ಕ್ಷಮೆ ಕೇಳಿದಳು. ಬದುಕಿರುವವರೆಗೂ ಅವಳು ಕಸವನ್ನು ಅಂಗೈಯಲ್ಲಿ ಹರಡಿ ನೋಡದೆ ಚೆಲ್ಲಲಿಲ್ಲ.