ಹಿಂದೆ ಸರಿದದ್ದು ಯಾರು?

“ಇಂಥ ವಾಕ್ಯವನ್ನ ಯಾರಾದ್ರೂ ಆಡ್ತಾರೇನ್ರೀ?”

ನಿಘಂಟಿನ ಕಚೇರಿಗೆ ಸೇರಿದ ಮೊದಲ ದಿನವೇ ಅವಳೇ ಬರೆದ ಕಾರ್ಡೊಂದು ಅವಳ ಮೇಜಿನ ಮೇಲೆ ವಾಪಸ್ಸು ಬಂದು ಬಿತ್ತು. ತಲೆಯೆತ್ತಿದರೆ ಕರಡು ತಿದ್ದುವವನು! ಕಚೇರಿಯವರೆಲ್ಲ ಅವನನ್ನು ‘ಕೆಂಪು ಪೆನ್ನು’ ಎಂದೇ ಕರೆಯುತ್ತಿದ್ದರು.

ಮೂಗಿನ ತುದಿಯಲ್ಲೇ ಕೋಪವಿದ್ದ ಹುಡುಗಿ ಅವಳು, ಸುಮ್ಮನಿರುತ್ತಾಳೆಯೇ?

“ಹಾಗಾದ್ರೆ ನೀವೇ ಬರೀರಿ!”

ಪದಕ್ಕೆ ಅರ್ಥ ಬರೆದು, ಕೆಳಗೆ ಬಳಕೆಯ ವಾಕ್ಯ ಕೊಡುವುದು ಅವಳ ಕೆಲಸ. ಅದಕ್ಕೆ ಗೀಟೆಳೆಯುವುದು ಅವನ ಕೆಲಸ. ಜಗಳವಾಡುತ್ತಲೇ ವರ್ಷ ಕಳೆದು, ಇಬ್ಬರ ಊಟದ ಡಬ್ಬಿಯೂ ಒಂದೇ ಮೇಜಿಗೆ ಬಂತು. ಒಂದು ಸೋಮವಾರ ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ, “ನನ್ನ ಮದುವೆ ಆಗ್ತೀರಾ?” ಎಂದ.

“ಎರಡು ದಿನ ಟೈಮ್ ಕೊಡಿ...”

ಅಕ್ಕನ ಸಂಸಾರ ಮುರಿದದ್ದನ್ನು ಕಣ್ಣಾರೆ ಕಂಡವಳಿಗೆ ಹೆದರಿಕೆ ಇರದೇ ಇರುತ್ತದೆಯೇ?

ಬುಧವಾರ ‘ಹೂಂ’ ಅನ್ನಲೆಂದೇ ಬಂದಳು. ಅವನ ಜಾಗ ಖಾಲಿ! ಮೇಜನ್ನು ಮೇಲಿನ ಮಹಡಿಗೆ ಹಾಕಿಸಿಕೊಂಡಿದ್ದನಂತೆ. ಮೆಟ್ಟಿಲಲ್ಲಿ ಎದುರಾದರೂ ಗೋಡೆ ನೋಡಿಕೊಂಡು ಹೋದ.

‘ಕೇಳಿದವನೇ ಹೀಗೆ ಮಾಡಿದರೆ ಯಾರ ಮುಂದೆ ಅಳಲಿ?’

ಮೂರು ವಾರ ಒಬ್ಬಳೇ ಉಂಡಳು. ಜಗಳಕ್ಕೂ ಜನವಿಲ್ಲದ ಆ ಕೋಣೆಯಲ್ಲಿ ಅವಳ ಪೆನ್ನಿನ ಸದ್ದೇ ಜೋರಾಗಿ ಕೇಳುತ್ತಿತ್ತು.

ಒಂದು ಬೆಳಿಗ್ಗೆ ತಿದ್ದಿ ಬಂದ ಕಾರ್ಡುಗಳ ಕಟ್ಟು ಬಿಚ್ಚಿದಳು. ಎಲ್ಲದರ ಮೈತುಂಬ ಕೆಂಪು. ಒಂದರಲ್ಲಿ ಮಾತ್ರ ಗೀಟೇ ಇಲ್ಲ. ಅಂಚಿನಲ್ಲಿ ಸಣ್ಣಗೆ ‘ಒಪ್ಪಿದೆ’ ಎಂದಷ್ಟೇ ಇತ್ತು.

‘ಹಿಂದೆ ಸರಿ: ಕೈಗೊಂಡದ್ದನ್ನು ಬಿಟ್ಟು ದೂರವಾಗು. ಮದುವೆಯ ಮಾತು ಬಂದೊಡನೆ ಅವಳು ಹಿಂದೆ ಸರಿದಳು.’

ಅವಳದೇ ಅಕ್ಷರ. ಅವನು ಕೇಳಿದ ಮರುದಿನ, ಆ ಮಂಗಳವಾರ ಬರೆದದ್ದು!

ಕಾರ್ಡು ಹಿಡಿದುಕೊಂಡೇ ಎದ್ದಳು. ಒಂದೇ ಉಸಿರಿಗೆ ಮಹಡಿ ಹತ್ತಿದಳು.

“ಇದನ್ನ ನನ್ನ ಉತ್ತರ ಅಂದ್ಕೊಂಡ್ರಾ?”

ಅವನು ತಲೆ ತಗ್ಗಿಸಿದ. “ಅಷ್ಟು ಸ್ಪಷ್ಟವಾಗಿ ಬರೆದಿದ್ರಲ್ಲ...”

“ಅಯ್ಯೋ, ಅವತ್ತು ನಿಘಂಟಲ್ಲಿ ನಾವು ಹಕಾರದ ಪದಗಳಿಗೆ ಬಂದಿದ್ವಿ ಕಣ್ರೀ! ಮನಸ್ಸಿನ ಹೆದರಿಕೆ ಬರವಣಿಗೆಗೆ ಬಂತು, ನಿಜ. ಹಾಗಂತ ಬೇಡ ಅನ್ನೋಕೆ ಕಾರ್ಡ್ ಕಳಿಸ್ತೀನಾ? ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಎದುರಿಗೇ ಬೇಡ ಅಂತೀರೇನೋ ಅಂತ... ಅದನ್ನ ತಡ್ಕೊಳ್ಳೋ ಧೈರ್ಯ ಇರಲಿಲ್ಲ.”

“ಅದಕ್ಕೇ ನೀವೇ ಹಿಂದೆ ಸರಿದ್ರಿ.” ಅವಳ ಕಣ್ಣು ತುಂಬಿ ಬಂತು. “ಮೂರು ವಾರ ನಾನು ಹೇಗಿದ್ದೆ ಗೊತ್ತಾ?”

“ಗೊತ್ತು. ನಾನೂ ಹಾಗೇ ಇದ್ದೆ.”

ಅವಳು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕುಳಿತಳು.

“ಆಗ್ತೀನಿ.”

“ಇನ್ನೊಂದ್ಸಲ ಹೇಳ್ತೀರಾ?”

“ನಿಮ್ಮನ್ನೇ ಆಗ್ತೀನಿ ಅಂದೆ. ಹೆದರಿಕೆ ಇನ್ನೂ ಇದೆ. ಆದ್ರೂ ಆಗ್ತೀನಿ.”