ಪುದೀನದ ಮೇಲಿನ ಚಿನ್ನದ ಚುಕ್ಕೆ

“ಅಜ್ಜೀ, ಸ್ಟಾಪ್! ವಾಟ್ ಈಸ್ ದ್ಯಾಟ್?”

ಭುವನೇಶ್ವರಿ ಎಜ್‌ವೇರ್ ಎಂಬ ಇಂಗ್ಲಿಷ್ ಊರಿನ ತಮ್ಮ ಮನೆಯ ಹಿತ್ತಲಿಗೆ ಓಡಿ ಬಂದಳು. ಅಜ್ಜಿ ನೀಲವ್ವ ಪುದೀನದ ಕುಂಡದ ಮೇಲೆ ಹಳದಿ ಪುಡಿ ಉದುರಿಸುತ್ತಿದ್ದಳು.

“ಅರಿಶಿಣವ್ವಾ. ಇರಿವಿ ಹತ್ತ್ಯಾವ. ದಿನಾ ಒಂದ್ ಚಿಟಿಕಿ ಹಾಕಿದ್ರ ಓಡಿ ಹೋಗ್ತಾವ.”

“ದಿನಾ?” ಭುವನೇಶ್ವರಿ ಕುಂಡದ ಮುಂದೆ ಕುಕ್ಕರಿಸಿದಳು.

ಅವತ್ತೇ ಅವಳು ಕ್ಲಾಸಿನಲ್ಲಿ ಎದೆಯುಬ್ಬಿಸಿ ಹೇಳಿಬಂದಿದ್ದಳು: ನಮ್ಮ ಪುದೀನಕ್ಕೆ ಮಿಂಟ್ ಮಾತ್ ಬರುತ್ತದೆ. ಉಗುರಿನಷ್ಟು ಸಣ್ಣ ಪತಂಗ, ನೇರಳೆ ರೆಕ್ಕೆ, ರೆಕ್ಕೆಗೊಂದು ಚಿನ್ನದ ಚುಕ್ಕೆ! “ಮಾತ್ಸ್ ಆರ್ ಬ್ರೌನ್, ಸಿಲ್ಲಿ,” ಎಂದು ಆಲಿವರ್ ನಕ್ಕಿದ್ದ. ನಾಳೆ ಅವಳು ಬರೆದ ಪತಂಗದ ಚಿತ್ರ ಕ್ಲಾಸಿನ ನೇಚರ್ ವಾಲ್ ಏರಬೇಕು. ಆ ಚುಕ್ಕೆ ಅಜ್ಜಿಯ ಅರಿಶಿಣವೇ ಆಗಿದ್ದರೆ?

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗದು. ಆದರೆ ತನಗೇ ಅನುಮಾನ ಬಂದುಬಿಟ್ಟಿತ್ತಲ್ಲ!

ಇಬ್ಬರೂ ಕಾದು ಕೂತರು. ಬಿಸಿಲು ಬಿದ್ದದ್ದೇ ತಡ, ಪತಂಗ ಬಂದು ಎಲೆಯ ಮೇಲೆ ಕೂತಿತು. ಅಜ್ಜಿ ಚಹಾ ಸೋಸುವ ಜರಡಿಯನ್ನು ಅದರ ಮೇಲೆ ಮೆಲ್ಲಗೆ ಬೋರಲು ಹಾಕಿದಳು.

“ರೆಕ್ಕಿ ಮುಟ್ಟಬ್ಯಾಡ. ಊದಿ ನೋಡು.”

ಭುವನೇಶ್ವರಿ ಉಫ್ ಎಂದು ಊದಿದಳು. ಎಲೆಯ ಮೇಲಿದ್ದ, ರೆಕ್ಕೆಯ ಮೇಲಿದ್ದ ಅರಿಶಿಣವೆಲ್ಲ ಹಾರಿತು. ಚುಕ್ಕೆ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಎಡಕ್ಕೊಂದು, ಬಲಕ್ಕೊಂದು, ಅಳೆದು ಇಟ್ಟ ಹಾಗೆ. ಪತಂಗ ರೆಕ್ಕೆ ಅಗಲಿಸಿದಾಗ ಹಿಂದಿನ ಕಪ್ಪು ರೆಕ್ಕೆಯಲ್ಲಿ ಹಳದಿ ಪಟ್ಟೆಯೂ ಕಂಡಿತು. ಒಂದೇ ಒಂದು! ಲೈಬ್ರರಿಯ ಪುಸ್ತಕದಲ್ಲೂ ಹಾಗೇ ಇತ್ತು. ಎರಡಿದ್ದರೆ ಅದು ಇದರ ದಾಯಾದಿ, ಬೇರೆ ಪತಂಗ.

“ಅಜ್ಜೀ, ರಿಯಲ್ ಐತಿ!”

“ಮತ್ತ? ನನ್ನ ಪುದೀನಕ್ಕ ಸುಳ್ಳು ಪತಂಗ ಬರ್ತಾವೇನು?” ಇಲ್ಲದ ಮೀಸೆ ತಿರುವುವವಳ ಹಾಗೆ ಅಜ್ಜಿ ಬೀಗಿದಳು. ಜರಡಿ ಎತ್ತಿದ ಕೂಡಲೇ ಪತಂಗ ಹಾರಿಹೋಯಿತು.

ಇನ್ನು ಅದಕ್ಕೆ ಅರಿಶಿಣ ತಾಗಬಾರದೆಂದು ಭುವನೇಶ್ವರಿ ಎಲೆಗಳನ್ನೆಲ್ಲ ಒರೆಸಿದಳು. ಬೆರಳು ಹಳದಿಯಾಯಿತು. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಸಾರನ್ನ ಉಂಡು ಹಳದಿಯಾದ ಇಂಥ ಬೆರಳುಗಳನ್ನು ಸ್ಕೂಲಿನಲ್ಲಿ ಅವಳು ಯಾವಾಗಲೂ ಡೆಸ್ಕಿನ ಕೆಳಗೆ ಬಚ್ಚಿಡುತ್ತಿದ್ದಳು.

ಮರುದಿನ ಟೀಚರ್ ಮಿಸ್ ಪಾಮರ್ ಚಿತ್ರ ನೋಡಿ ಕೇಳಿದರು, “ಆರ್ ಯು ಶೂರ್, ಭುವಿ?”

ಭುವನೇಶ್ವರಿ ಎದ್ದು ನಿಂತು ಮೊದಲಿನಿಂದ ಎಲ್ಲ ಹೇಳಿದಳು: ಅಜ್ಜಿಯ ಅರಿಶಿಣ, ತನ್ನ ಅನುಮಾನ, ಚಹಾ ಜರಡಿ, ಉಫ್, ಒಂದೇ ಪಟ್ಟೆ. ಹೇಳುವಾಗ ಹಳದಿ ಬೆರಳು ತೋರಿಸಿದಳು. ಕ್ಲಾಸು ನಗಲಿಲ್ಲ.

“ನಾನೂ ಬಂದು ನೋಡ್ಲಾ?” ಎಂದು ಆಲಿವರ್ ಇಂಗ್ಲಿಷಿನಲ್ಲಿ ಕೇಳಿದ.

“ಬಿಸಿಲಿದ್ದಾಗ ಬಾ,” ಎಂದಳು ಭುವನೇಶ್ವರಿ.

ಚಿತ್ರವನ್ನು ಗೋಡೆಗೆ ಅವಳೇ ಅಂಟಿಸಿದಳು. ಮೂಲೆಯಲ್ಲಿ ಅರಿಶಿಣದ ಸಣ್ಣ ಬೆರಳಚ್ಚು ಬಿತ್ತು. ಅವಳು ಅದನ್ನು ಒರೆಸಲಿಲ್ಲ.