ಗಂಗಾಂಬಿಕೆ ಹೇಳದ ಮಾತು

ಬೀರುವಿನ ಬೀಗ ಒಡೆದಿರಲಿಲ್ಲ. ಒಳಗಿದ್ದ ರಿಜಿಸ್ಟರಿನಲ್ಲಿ ಒಂದು ಹಾಳೆಯೂ ಕಡಿಮೆಯಾಗಿರಲಿಲ್ಲ. ಆದರೂ ಅದರಲ್ಲಿದ್ದ ಗುಟ್ಟು ಬೀದಿಗೆ ಬಿದ್ದಿತ್ತು.

೧೯೪೩ರ ಆ ಬೆಳಿಗ್ಗೆ ಹೊಳೆನರಸೀಪುರದ ಡಾಕ್ಟರ್ ವೆಂಕಟರಾಮಯ್ಯನವರು ತಮ್ಮ ಔಷಧಾಲಯಕ್ಕೆ ಪರಮಶಿವಯ್ಯನವರನ್ನು ಕರೆಸಿದ್ದು ಇದಕ್ಕೇ. ನಿವೃತ್ತ ಪೋಸ್ಟ್‌ಮಾಸ್ಟರ್ ಅವರು; ಊರಿನಲ್ಲಿ ಏನು ಕಳೆದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನೂ ಅವರ ಹಿಂದೆ ಹೋದೆ.

"ಕಳೆದದ್ದೇನು?" ಪರಮಶಿವಯ್ಯ ಕೇಳಿದರು.

"ನನ್ನ ಮಾನ," ಎಂದರು ಡಾಕ್ಟರು. "ಹುಡುಗಿಯರ ಶಾಲೆಯ ಉಪಾಧ್ಯಾಯಿನಿ ಸರಸ ನನ್ನ ರೋಗಿ. ಸ್ವಂತ ಊರು ಅರಕಲಗೂಡಿನಲ್ಲಿ ತೋರಿಸಿಕೊಂಡರೆ ಮಾತಾಗುತ್ತದೆಂದು ನನ್ನನ್ನು ನಂಬಿ ಬಂದರು. ಈಗ ಶಾಲೆಯ ಕಾರ್ಯದರ್ಶಿ ಅಪ್ಪಾಜಿ, ಆಕೆಗೆ ಕ್ಷಯ ಎನ್ನುತ್ತಿದ್ದಾರೆ. ಗಾಳಿಮಾತಲ್ಲ — 'ಎಡ ಶ್ವಾಸಕೋಶ, ಕಫದಲ್ಲಿ ರಕ್ತ' — ನಮ್ಮ ರಿಜಿಸ್ಟರಿನ ಬರಹವನ್ನೇ ಪಾಠದಂತೆ ಒಪ್ಪಿಸಿದರು! ಇವತ್ತು ಮಧ್ಯಾಹ್ನ ಆಕೆಯನ್ನು ಕೆಲಸದಿಂದ ತೆಗೆಯುತ್ತಾರಂತೆ."

"ಹೇಳಿದ್ದು ಯಾರಂತೆ?"

"ಬಾಯಿ ಬಿಡುತ್ತಿಲ್ಲ."

"ಬೀರುವಿನ ಬೀಗದಕೈ?"

"ಒಂದು ನನ್ನ ಹತ್ತಿರ. ಇನ್ನೊಂದು—" ಡಾಕ್ಟರು ನರ್ಸ್ ಗಂಗಾಂಬಿಕೆಯ ಕಡೆ ನೋಡಿದರು. "ನಾನು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವವಳೂ ಅವಳೇ."

ಮೂವತ್ತರ ಹೆಣ್ಣುಮಗಳು. ಗೋಡೆಗೆ ಒರಗದೆ ನಿಂತಿದ್ದಳು.

"ಯಾರಿಗಾದರೂ ಹೇಳಿದೆಯೇನಮ್ಮ?" ಪರಮಶಿವಯ್ಯ ಕೇಳಿದರು.

"ಇಲ್ಲ ಸಾ."

"ಸರಸಮ್ಮನಿಗೆ ಈಗ ಕಾಯಿಲೆ ಇದೆಯೋ ಇಲ್ಲವೋ?"

ಅವಳು ಬೀಗದಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಳು.

"ಬಾಯಿ ಬಿಡದಿದ್ದರೆ ಅನುಮಾನ ನಿನ್ನ ಮೇಲೇ. ಕೆಲಸ ಹೋಗುತ್ತೆ."

"ಓಗ್ಲಿ ಸಾ. ಅವರ ಕಾಯಿಲೆ ಅವರನ್ನೇ ಕೇಳಿ."

ಭಯದ ಮೌನ ನನಗೆ ಗೊತ್ತು. ತಪ್ಪು ಮಾಡಿದವರ ಮೌನವೂ ಗೊತ್ತು. ಇದು ಎರಡೂ ಅಲ್ಲ. ಈ ಮೌನಕ್ಕೆ ಬೆನ್ನು ನೆಟ್ಟಗಿತ್ತು.

ಪಕ್ಕದ ಮೇಜಿನಿಂದ ಕಾಂಪೌಂಡರ್ ಬಸವರಾಜು ನಕ್ಕ. "ಬುಡಿ ಸಾ, ಈವಮ್ಮನ್ನ ಮಾತಾಡ್ಸೋದೂ ಒಂದೇ, ಕಲ್ಲುಕಂಬನ ಮಾತಾಡ್ಸೋದೂ ಒಂದೇ." ಅವನ ಕತ್ತರಿ ಮಾತ್ರ ನಿಂತಿರಲಿಲ್ಲ. ಔಷಧಿ ಬಾಟ್ಲಿಗೆ ಅಂಟಿಸುವ ಅಳತೆಪಟ್ಟಿಗಳನ್ನು ಹಲ್ಲುಹಲ್ಲಾಗಿ ಕತ್ತರಿಸುತ್ತಿದ್ದ — ಒಂದು ಹಲ್ಲಿಗೆ ಒಂದು ವೇಳೆಯ ಔಷಧಿ.

"ಚೆನ್ನಾಗಿ ಕತ್ತರಿಸ್ತೀಯಪ್ಪ," ಎಂದರು ಪರಮಶಿವಯ್ಯ.

"ಯುದ್ಧ ಬಂದು ಕಾಗದಕ್ಕೆ ಬರ ಸಾ. ಹಾಸನದಲ್ಲೂ ಸಿಗಾಕಿಲ್ಲ. ನಾನು ಮಾತ್ರ ಒಂದು ವರ್ಷದಿಂದ ಹೊಸ ಹಾಳೆ ಮುಟ್ಟಿಲ್ಲ!"

ಅಷ್ಟರಲ್ಲಿ ಸರಸಮ್ಮ ಒಳಗೆ ಬಂದರು. ಕಣ್ಣು ಕೆಂಪಾಗಿತ್ತು, ಧ್ವನಿ ಗಟ್ಟಿಯಾಗಿತ್ತು.

"ಊರೆಲ್ಲ ನನ್ನ ಕಾಯಿಲೆ ಮಾತಾಡ್ತಿದೆ ಡಾಕ್ಟರೇ. ಗುಣವಾಗಿ ಎರಡು ವರ್ಷ ಆಯ್ತು ಅನ್ನೋದನ್ನ ಮಾತ್ರ ಒಬ್ಬರೂ ಆಡಲ್ಲ!"

ಪರಮಶಿವಯ್ಯ ತಟಕ್ಕನೆ ಎದ್ದರು. "ಗುಣವಾದದ್ದನ್ನೂ ಬರೆದಿದ್ದೀರಾ?"

ಡಾಕ್ಟರು ಸರಸಮ್ಮನ ಮುಖ ನೋಡಿದರು. ಆಕೆ ತಲೆಯಾಡಿಸಿದ ಮೇಲೆಯೇ ಹೇಳಿದರು: "ಅದೇ ಚೀಟಿಯ ಕೊನೆಯ ಸಾಲಿನಲ್ಲಿತ್ತು."

"ಚೀಟಿಯೇ? ರಿಜಿಸ್ಟರ್ ಎಂದಿರಲ್ಲ?"

"ಮೊದಲು ಬಿಡಿ ಚೀಟಿಗಳಿದ್ದವು. ಹೋದ ವರ್ಷ ರಿಜಿಸ್ಟರಿಗೆ ಇಳಿಸಿ, ಅವನ್ನೆಲ್ಲ ಸುಡಿಸಿದೆ."

"ಸುಡುವುದನ್ನು ಕಣ್ಣಾರೆ ನೋಡಿದಿರಾ?"

"ಇಲ್ಲ. ಬಸವರಾಜುವಿಗೆ ಕೊಟ್ಟು—"

ಕತ್ತರಿ ನಿಂತಿತು.

"ಅಪ್ಪಾಜಿಯವರ ಮನೆಗೆ ಇಲ್ಲಿಂದ ಔಷಧಿ ಹೋಗುತ್ತದೆಯೇನಯ್ಯ?"

"ಅವರ ಮನೆಯವರು, ಶ್ರೀರಂಗಮ್ಮನೋರ ಕೆಮ್ಮಿಗೆ ಸಾ. ಖಾಲಿ ಬಾಟ್ಲಿ ಇಲ್ಲೇ ಅದೆ, ತುಂಬಬೇಕು..." ಮಾತು ತೊದಲಿತು.

ಪರಮಶಿವಯ್ಯ ಆ ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರು. ಪಟ್ಟಿಯ ಹೊರಮೈ ಬಿಳಿ. ಆದರೆ ಗಾಜಿಗೆ ಅಂಟಿದ ಒಳಮೈ, ಬಾಟ್ಲಿಯ ಆಚೆ ಬದಿಯಿಂದ ಸ್ಪಷ್ಟವಾಗಿ ಕಂಡಿತು. ಸೀಸದಕಡ್ಡಿಯ ಅಕ್ಷರ, ಅಂಟಿನಲ್ಲೂ ಕರಗಿರಲಿಲ್ಲ. 'ಸರಸ, ಅರಕಲಗೂಡು. ಕ್ಷಯ. ಎಡ ಶ್ವಾಸಕೋಶ. ಕಫದಲ್ಲಿ ರಕ್ತ.' ಅಷ್ಟೇ.

"ಬೀರು ತೆರೆದು ಓದಿದವರು ಪೂರ್ತಿ ಓದುತ್ತಿದ್ದರು; ಗುಣವಾಯಿತೆಂಬುದೂ ಅವರಿಗೆ ಗೊತ್ತಿರುತ್ತಿತ್ತು," ಎಂದರು ಪರಮಶಿವಯ್ಯ. "ಊರಿಗೆ ಗೊತ್ತಾದದ್ದು ಚೀಟಿಯ ತಲೆ ಮಾತ್ರ. ಬಾಲ ಇನ್ಯಾರದೋ ಬಾಟ್ಲಿಯ ಮೇಲಿದೆ. ಬೀಗವನ್ನೇ ನೋಡುತ್ತ ಕೂತಿರಿ, ಕತ್ತರಿಯನ್ನು ಯಾರೂ ನೋಡಲಿಲ್ಲ. ಗುಟ್ಟನ್ನು ಮನೆಮನೆಗೆ ಕಳಿಸಿದವನು ಬಸವರಾಜು."

"ಅಯ್ಯೋ, ಬೇಕಂತ ಅಲ್ಲ ಸಾ! ಅಷ್ಟು ಒಳ್ಳೆ ಕಾಗದ ಸುಡಾಕೆ ಮನಸ್ಸು ಬರ್ಲಿಲ್ಲ. ಬರೆದಿರೋ ಕಡೆ ಒಳಕ್ಕೆ ಆಕಿ ಅಂಟಿಸ್ತಿದ್ದೆ. ಕೆಂಪು ಔಷಧಿ ತುಂಬಿದ್ರೆ ಏನೂ ಕಾಣಾಕಿಲ್ಲ..."

"ಔಷಧಿ ಮುಗಿದ ಮೇಲೆ?"

ಬಸವರಾಜು ಕತ್ತರಿಯನ್ನು ಮೇಜಿನ ಮೇಲಿಟ್ಟ.

"ಸುಡುವಾಗ ನಾನು ನಿಲ್ಲಬೇಕಿತ್ತು," ಎಂದರು ಡಾಕ್ಟರು. ಅವರು ಗಂಗಾಂಬಿಕೆಯ ಎದುರು ನಿಂತು, ಎಲ್ಲರ ಮುಂದೆ ಕೈ ಮುಗಿದರು. ಊರಿನ ದೊಡ್ಡ ಡಾಕ್ಟರು, ತಮ್ಮ ನರ್ಸಿಗೆ!

ಸರಸಮ್ಮ ಕೇಳಿ ಪಡೆದದ್ದು ಒಂದೇ ಸಾಲಿನ ಪತ್ರ: 'ಇವರು ಪಾಠ ಹೇಳಲು ಸಮರ್ಥರು.' ರೋಗದ ಹೆಸರು ಅದರಲ್ಲಿ ಬೇಡವೆಂದರು. ಮಧ್ಯಾಹ್ನ ಅಪ್ಪಾಜಿಯವರು ಆ ಪತ್ರವನ್ನೂ ಬಾಟ್ಲಿಯನ್ನೂ ನೋಡಿದರು. ಹೆಂಡತಿ ಓದಿ ಹೇಳಿದ್ದೆಂದು ಒಪ್ಪಿಕೊಂಡರು. ಸರಸಮ್ಮ ಎಂದಿನಂತೆ ಮೂರನೇ ಕ್ಲಾಸಿಗೆ ಪಾಠಕ್ಕೆ ಹೋದರು.

ಮಾರನೆಯ ದಿನದಿಂದ ಊರ ಬಾಟ್ಲಿಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಬಸವರಾಜು ಬಿಸಿನೀರಿನಲ್ಲಿ ಪಟ್ಟಿ ಕೀಳುತ್ತಿದ್ದ. ಗಂಗಾಂಬಿಕೆ ಓದದೆಯೇ ಒಲೆಗೆ ಹಾಕುತ್ತಿದ್ದಳು.

ನಾನು ತಡೆಯಲಾರದೆ ಕೇಳಿದೆ: "ಗುಣವಾಗಿದೆ ಎಂದು ನಿನಗೆ ಗೊತ್ತಿತ್ತು. ಆ ಒಂದು ಮಾತು ಹೇಳಿದ್ದರೆ ಅವರ ಕೆಲಸಕ್ಕೂ ನಿನ್ನ ಕೆಲಸಕ್ಕೂ ಕುತ್ತು ಬರುತ್ತಿರಲಿಲ್ಲವಲ್ಲ?"

ಅವಳು ಒದ್ದೆ ಪಟ್ಟಿಯೊಂದನ್ನು ಬೆಂಕಿಗಿಟ್ಟು ನನ್ನ ಕಡೆ ನೋಡಿದಳು.

"ಏಳಿದ್ರೆ ನನಗೂ ಈ ಬಾಟ್ಲಿಗೂ ಏನು ವ್ಯತ್ಯಾಸ ಸಾ?"